ನೀರು ಬೆರೆಸುವ ಮಾವ

ನಮ್ಮ ಸೋದರಮಾವ, ಕೈಗೆ ಏನು ಕೊಟ್ಟರೂ ಅದಕ್ಕೆ ನೀರು ಬೆರೆಸದೆ ಹಿಂದಿರುಗಿಸುವವರಲ್ಲ! ಹಾಗೆಂದು ಅವರು ಹಾಲು ಮಾರುತ್ತಾರೆಂದು ತಿಳಿಯಬೇಡಿ. ಮಧುಗಿರಿಯ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವರು. ಗಟ್ಟಿ ಆಮ್ಲವನ್ನು ನೀರಿಗೆ ನಿಧಾನವಾಗಿ ಬಿಟ್ಟು, ಹುಡುಗರ ಕೈ ಸುಡದಷ್ಟು ತೆಳ್ಳಗೆ ಮಾಡಿಡುವುದು ಅವರ ಕೆಲಸ. ಲ್ಯಾಬು ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಮಾವ ತೆಳ್ಳಗೆ ಮಾಡುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಮನೆಗೆ ಬಂದರೆ ಕಾಫಿಗೆ ನೀರು, ಸಾರಿಗೆ ನೀರು, ಮಜ್ಜಿಗೆಗಂತೂ ಕೇಳಲೇಬೇಡಿ. "ನಿಮ್ಮಾವ ಉಪ್ಪಿನಕಾಯಿಗೂ ನೀರು ಬುಡ್ತಾರೆ ಕಣಮ್ಮ" ಎಂದು ಅತ್ತೆ ಒಮ್ಮೆ ನನ್ನೆದುರು ಗೋಳಾಡಿದರು. "ಇನ್ನು ಮಳೆಗೆ ಬುಡೋದೊಂದು ಬಾಕಿ!"

ನಾನು ಏಳನೇ ತರಗತಿಯಲ್ಲಿದ್ದಾಗ ಮಾವ ನನ್ನನ್ನು ಲ್ಯಾಬಿಗೆ ಕರೆದೊಯ್ದು ಎರಡು ಪ್ರನಾಳಗಳಲ್ಲಿ ಮೊಟ್ಟೆಯ ಸಿಪ್ಪೆಯ ಚೂರು ಹಾಕಿದರು. ಒಂದಕ್ಕೆ ಗಟ್ಟಿ ಆಮ್ಲ, ಇನ್ನೊಂದಕ್ಕೆ ನೀರು ಬೆರೆಸಿದ್ದು. ಮೊದಲನೆಯದು ಬುರಬುರನೆ ನೊರೆಯುಕ್ಕಿಸಿತು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ.

"ಯಾಕೆ ಮಾವ ಹೀಗೆ?"

"ಸಂತೆ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೀಯಾ? ಹೆಜ್ಜೆಗೊಬ್ಬ ಡಿಕ್ಕಿ ಹೊಡೀತಾನೆ. ಡಿಕ್ಕಿ ಹೊಡೆದ್ರೆ ತಾನೆ ಜಗಳ? ಹಬ್ಬದ ದಿನ ಮಧ್ಯಾಹ್ನ ಹೋಗಿ ನೋಡು, ಜಗಳ ಆಡಾಕೆ ಒಂದು ನಾಯೀನೂ ಸಿಗಾಕಿಲ್ಲ. ನೀರು ಬುಟ್ರೆ ಇಂಗೇಯ. ಆಮ್ಲ ಎಲ್ಲೂ ಹೋಗಿರಾಕಿಲ್ಲ, ಡಿಕ್ಕಿ ಕಮ್ಮಿ ಅಷ್ಟೆ."

ಮುಂದೆ ಎಂ.ಎಸ್ಸಿ.ಯಲ್ಲಿ ನಮ್ಮ ಪ್ರೊಫೆಸರು ಪ್ರತಿವರ್ತಕಗಳ ಸಾರತೆ, ಅಂದರೆ ಗಟ್ಟಿತನ, ಹೆಚ್ಚಿದಂತೆ ಕ್ರಿಯೆಯ ವೇಗ ಏಕೆ ಹೆಚ್ಚುತ್ತದೆಂದು ಎರಡು ಬೋರ್ಡು ತುಂಬ ಬರೆದು ವಿವರಿಸಿದರು. ಸಮೀಕರಣಗಳನ್ನು ಬಿಟ್ಟರೆ ಮಾವ ಹೇಳಿದ್ದಕ್ಕಿಂತ ಅದರಲ್ಲಿ ಹೆಚ್ಚಿನದೇನೂ ನನಗೆ ಕಾಣಲಿಲ್ಲ. ಇದನ್ನು ನಾನು ಪ್ರೊಫೆಸರಿಗೆ ಹೇಳಲಿಲ್ಲ.

ಆದರೆ ಮಾವ ನಿಜವಾಗಿ ನೀರು ಸುರಿದದ್ದು ಮಾತಿಗೆ. ಮಾವನ ಅಕ್ಕ, ನನಗೆ ದೊಡ್ಡಮ್ಮ, ಮಾತಿಗೆ ತೆಲುಗು ಬೆರೆಯುವ ಪಾವಗಡದಲ್ಲಿದ್ದಾರೆ. ತಂಗಿ, ಅಂದರೆ ನನ್ನ ಅಮ್ಮ, ಶಿರಾದಲ್ಲಿ. ಮಾವ ಇಬ್ಬರಿಗೂ ನಡುವೆ. ಎಂಟು ವರ್ಷಗಳ ಹಿಂದೆ ದೊಡ್ಡಮ್ಮನ ಮಗಳ ಮದುವೆಯಲ್ಲಿ ಹೆಂಗಸರನ್ನೆಲ್ಲ ಆರತಿಗೆ ಕರೆದರು, ಅಮ್ಮನನ್ನು ಕರೆಯಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ? ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಅದಕ್ಕೆ ಮೊದಲು ಇಬ್ಬರೂ ದಿನಾ ಫೋನಿನಲ್ಲಿ ಮಾತಾಡಿ ಮಾತಾಡಿ ಒಲೆಯ ಮೇಲಿನ ಅನ್ನ ಸೀಯಿಸುತ್ತಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಅನ್ನ ಸೀಯಲೇ ಇಲ್ಲ. ಅಮ್ಮ ಮಾತ್ರ ಹಬ್ಬದ ದಿನ ಫೋನನ್ನು ಸೆರಗಿನಿಂದ ಒರೆಸಿ ಒರೆಸಿ ಇಡುತ್ತಿದ್ದಳು.

ಆಗಿನಿಂದ ಸುದ್ದಿ ಸಾಗಿಸುವ ಕೆಲಸ ಮಾವನದಾಯಿತು. "ಅವಳ ಹೊಸ್ಲು ತುಳಿಯಾಕಿಲ್ಲ ಅಂತ ಹೇಳ್ಬುಡು ಕಣಣ್ಣ" ಎಂದು ಶಿರಾದಲ್ಲಿ ಅಮ್ಮ ಹೇಳಿದ್ದು ಪಾವಗಡ ಮುಟ್ಟುವ ಹೊತ್ತಿಗೆ "ತಂಗಿಗೆ ಮಂಡಿನೋವು, ಬಸ್ ಹತ್ತಾಕಾಗಲ್ವಂತೆ" ಎಂದಾಗುತ್ತಿತ್ತು. ಅಮ್ಮನಿಗೆ ಮಂಡಿನೋವೇ ಇರಲಿಲ್ಲ! "ಅದಕ್ಕೆಷ್ಟು ಪೊಗರು ಚೂಡು" ಎಂದು ದೊಡ್ಡಮ್ಮ ಅಂದದ್ದು ನಮ್ಮ ಮನೆಯಲ್ಲಿ "ಅಕ್ಕ ನಿನ್ನ ಧೈರ್ಯ ಮೆಚ್ಕೊಂಡ್ಲು" ಎಂದು ಇಳಿಯುತ್ತಿತ್ತು. ಜಗಳ ದೊಡ್ಡದಾಗಲಿಲ್ಲ, ನಿಜ. ಮುಗಿಯಲೂ ಇಲ್ಲ.

ಈಚೆಗೆ ಮಾವ ನಿವೃತ್ತರಾದರು. ಕಾಲೇಜಿನಲ್ಲಿ ಬೀಳ್ಕೊಡುಗೆ. ಅಕ್ಕನನ್ನೂ ಕರೆದಿದ್ದರು, ತಂಗಿಯನ್ನೂ ಕರೆದಿದ್ದರು. ಕರೆದು ಏನು ಮಾಡಿದರು? ಒಬ್ಬರನ್ನು ಮೊದಲ ಸಾಲಿನಲ್ಲಿ, ಇನ್ನೊಬ್ಬರನ್ನು ಕೊನೆಯ ಕಿಟಕಿಯ ಪಕ್ಕ ಕೂರಿಸಿ ನಡುವೆ ಅರವತ್ತು ವಿದ್ಯಾರ್ಥಿಗಳನ್ನು ಸುರಿದರು!

ಭಾಷಣಗಳು ಮುಗಿದು ಜನ ಊಟಕ್ಕೆ ಏಳುವಾಗ ದೊಡ್ಡಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆಳೆದರು.

"ನಿಮ್ಮಮ್ಮಂಗೆ ಕಲ್ಲು ಮನಸ್ಸು ಕಣೇ. ಹೋದ ಯುಗಾದಿಗೆ ನಿಮ್ಮಾವನ ಮುಂದೆ ಕಣ್ಣೀರು ಹಾಕಿ, ನಂದೇ ತಪ್ಪು, ಬಂದು ಕಾಲು ಹಿಡೀತೀನಿ ಅಂತ ಹೇಳಿ ಕಳ್ಸಿದ್ದೆ ಗದಾ? ಒಂದು ಮಾತು? ಒಂದು ಫೋನು?"

ನಾನು ನೇರ ಮಾವನ ಬಳಿ ಹೋದೆ. ಹಾರ ಹಾಕಿಕೊಂಡೇ ಲ್ಯಾಬಿನ ಸಿಂಕು ತೊಳೆಯುತ್ತಿದ್ದರು.

"ಮಾವ, ಯುಗಾದಿಗೆ ದೊಡ್ಡಮ್ಮ ಹೇಳಿ ಕಳಿಸಿದ್ದನ್ನು ಅಮ್ಮನಿಗೆ ಏನಂತ ಹೇಳಿದಿರಿ?"

ಮಾವ ಸಿಂಕು ಉಜ್ಜುತ್ತಲೇ ಹೇಳಿದರು: "ಅಕ್ಕ ನೆನೆಸ್ಕೊಂತಿದ್ಲು ಅಂದೆ."

"ಅಷ್ಟೇನಾ?"

ನಲ್ಲಿ ಹರಿಯುತ್ತಲೇ ಇತ್ತು. ಮಾವ ಅದನ್ನು ನಿಲ್ಲಿಸಿ ಸ್ಟೂಲಿನ ಮೇಲೆ ಕುಳಿತರು. "ಅಯ್ಯೋ, ಅಭ್ಯಾಸಬಲ ಕಣಮ್ಮ. ತೆಳ್ಳಗಾದ್ರೆ ಜಗಳ ನಿಧಾನ ಆಯ್ತದೆ ಅಂತಿದ್ದೆ. ರಾಜೀನೂ ನಿಧಾನ ಆಯ್ತದೆ ಅಂತ ಹೊಳೀಲೇ ಇಲ್ವಲ್ಲ!"

ಲ್ಯಾಬಿಗೆ ಅಂಟಿಕೊಂಡು ತಕ್ಕಡಿ ಇಡುವ ಸಣ್ಣ ಕೋಣೆಯಿದೆ. ಗಾಳಿಯಾಡದಂತೆ ಕಿಟಕಿ ಮುಚ್ಚಿರುತ್ತಾರೆ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಮಾವ ಹೋಗಿ ಅಕ್ಕನನ್ನು ಒಂದು ಕೈಯಲ್ಲಿ, ತಂಗಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಂದರು. ಒಳಗೆ ಬಿಟ್ಟು ಬಾಗಿಲಲ್ಲಿ ನಿಂತು ಹೇಳಿದರು: "ಅಕ್ಕ, ನೀನು ಅತ್ತಿದ್ದು ಇವಳಿಗೆ ನಾನು ಹೇಳಿಲ್ಲ. ಏನು ಹೇಳ್ಬೇಕೋ ನೀನೇ ಹೇಳ್ಬುಡು." ಬಾಗಿಲೆಳೆದುಕೊಂಡರು.

ಆಮೇಲೆ ನೊರೆಯುಕ್ಕಿತು ನೋಡಿ! ಆರತಿ, ಮದುವೆ, ಎಂಟು ವರ್ಷದ ಯುಗಾದಿ, ಇಲ್ಲದ ಮಂಡಿನೋವು, ಎಲ್ಲ ಒಟ್ಟಿಗೆ. ದೊಡ್ಡಮ್ಮ ತೆಲುಗಿಗೆ ಹಾರಿದರು. ಅಮ್ಮನ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮಾವ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ನಂತರ ಒಳಗೆ ಯಾರೋ ಬಿಕ್ಕಿದರು. ಯಾರೆಂದು ಗುರುತಿಸುವ ಮೊದಲೇ ಇನ್ನೊಬ್ಬರೂ ಬಿಕ್ಕಿದರು.

ಬಾಗಿಲು ತೆರೆಯಿತು. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ಹೊರಬಂದವರು ನೇರ ಮಾವನ ಮೇಲೆ ಬಿದ್ದರು.

"ಎಂಟು ವರ್ಷ ಕಣಣ್ಣ! ನಿನ್ನ ನಾಲಿಗೆಗೇನಾಗಿತ್ತು?"

"ಏಮಿರಾ, ನನ್ನ ಕಣ್ಣೀರನ್ನ ಎಲ್ಲಿ ಚೆಲ್ಲಿ ಬಂದೆ ನೀನು?"

ಮಾವ ಒಂದು ಮಾತಿಗೂ ತಡೆಯೊಡ್ಡಲಿಲ್ಲ. ಹಾರದ ಚೆಂಡುಹೂವಿನ ಮೇಲೆ ಕಣ್ಣೀರು ಇಳಿಸಿಕೊಳ್ಳುತ್ತ, ನಗುತ್ತ, ಅಷ್ಟೂ ಬೈಗುಳವನ್ನು ನಿಂತು ಕೇಳಿಸಿಕೊಂಡರು. ಬೈದು ಬೈದು ಇಬ್ಬರಿಗೂ ಉಸಿರು ಕಟ್ಟಿತು. ಆಮೇಲೆ ಅಮ್ಮ, ದೊಡ್ಡಮ್ಮ ಒಂದೇ ಸಲಕ್ಕೆ ಕೇಳಿದರು:

"ಊಟ ಮಾಡ್ದ್ಯಾ?"

ಅಮ್ಮ ಮಾವನ ಕೈ ಹಿಡಿಯಲು ಹೋದಳು. ಆಮ್ಲಕ್ಕೆ ಹಳದಿಗಟ್ಟಿದ ಆ ಬೆರಳುಗಳನ್ನು ದೊಡ್ಡಮ್ಮ ಆಗಲೇ ಹಿಡಿದುಕೊಂಡಿದ್ದರು.