ಹೂಂಕಾರಪ್ಪನ ಪ್ರೇಮನಿವೇದನೆ

ಇಷ್ಟಕ್ಕೆಲ್ಲ ಕಾರಣ ಒಂದು ಒದ್ದೆ ಬೆಡ್‌ಶೀಟು. ಅವತ್ತು ಬೆಳಿಗ್ಗೆ ತಾರಸಿಯ ಹಗ್ಗದ ಮೇಲೆ ಅದು ನೇತಾಡದೆ ಇದ್ದಿದ್ದರೆ ಹೂಂಕಾರಪ್ಪನ ಸಂಸಾರ ಎಂದಿನಂತೆ ತಣ್ಣಗೆ, ಮಾತಿಲ್ಲದೆ, ನೆಮ್ಮದಿಯಾಗಿ ನಡೆದುಕೊಂಡು ಹೋಗುತ್ತಿತ್ತು.

ಹೂಂಕಾರಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಡಬ್ಬಿಂಗ್ ಸ್ಟುಡಿಯೋದವರು ಇಟ್ಟದ್ದು. ಹೊರದೇಶದ ಚಿತ್ರಗಳು ಬಂದಾಗ ನಾಯಕನಿಗೆ ಒಬ್ಬ, ಖಳನಾಯಕನಿಗೆ ಒಬ್ಬ ಎಂದು ದನಿ ಕೊಡುವವರು ಇರುತ್ತಾರೆ. ಉಳಿದ ಕೆಮ್ಮು, ಸೀನು, ನರಳಾಟ, ಮೆಟ್ಟಿಲಿಂದ ಉರುಳಿದವನ ‘ಅಯ್ಯೋ’, ಜನಜಂಗುಳಿಯ ‘ಹೋ’ ಎಲ್ಲವೂ ಹೂಂಕಾರಪ್ಪನ ಪಾಲು. ಅದರಲ್ಲೂ ‘ಹೂಂ’ ಅನ್ನುವುದರಲ್ಲಿ ಅವನದು ಎತ್ತಿದ ಕೈ. ಸ್ಟುಡಿಯೋದಲ್ಲಿ ಹಾಗೆ ಅಂದಿದ್ದಕ್ಕೆ ಸಂಬಳ ಬರುತ್ತಿತ್ತು. ಮನೆಯಲ್ಲಿ ಅದನ್ನೇ ಪುಕ್ಕಟೆ ಅನ್ನುತ್ತಿದ್ದ.

ಕೆಲವು ತಿಂಗಳಿಂದ ಅಲ್ಲಿ ಒಂದು ಬೇಸ್‌ಬಾಲ್ ಅನಿಮೆಯ, ಅಂದರೆ ಜಪಾನಿನ ಕಾರ್ಟೂನ್ ಸರಣಿಯ, ಡಬ್ಬಿಂಗ್ ನಡೆದಿತ್ತು. ಹೆಸರಿಗೆ ಬೇಸ್‌ಬಾಲ್, ಆಟ ಮಾತ್ರ ನಡೆಯುವುದೇ ಇಲ್ಲ. ಶಾಲೆಯ ತಂಡದ ಹುಡುಗರು ಶೂ ಲೇಸು ಕಟ್ಟಿಕೊಳ್ಳುತ್ತಾರೆ, ಆಕಾಶ ನೋಡುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಅಷ್ಟರಲ್ಲಿ ಒಂದು ಕಂತು ಮುಗಿಯುತ್ತದೆ. ಒಬ್ಬ ಎಸೆದ ಚೆಂಡು ಇನ್ನೊಬ್ಬನ ಕೈ ಸೇರುವುದರೊಳಗೆ ನೋಡುವವರು ಎದ್ದು ಹೋಗಿ ಕಾಫಿ ಮಾಡಿಕೊಂಡು ಬರಬಹುದು. “ಇದು ಆಟದ ಕತೆ ಅಲ್ಲಾರೀ, ಪಾತ್ರಗಳು ಬೆಳೆಯೋ ಕತೆ” ಎಂದು ಡಬ್ಬಿಂಗ್ ನಿರ್ದೇಶಕರು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. ಪಾತ್ರಗಳು ಎಲ್ಲಿ ಬೆಳೆಯುತ್ತಿವೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೂಂಕಾರಪ್ಪನದು ಕ್ಯಾಚರ್ ಪಾತ್ರ. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆ ಕಂಬಿಗಳ ಮುಸುಕು ಹಾಕಿಕೊಂಡು, ಬಂದ ಚೆಂಡನ್ನೆಲ್ಲ ಹಿಡಿಯುವ ದಪ್ಪ ಹುಡುಗ. ಅವನಿಗೂ ತಂಡದ ನೀರಿನ ಬಾಟಲಿ ತುಂಬಿಸುವ ಹುಡುಗಿಗೂ ಪ್ರೇಮ. ಪ್ರೇಮವೆಂದರೆ ಅವಳು “ನೀರು ಬೇಕಾ?” ಅನ್ನುತ್ತಾಳೆ, ಇವನು “ಹೂಂ” ಅನ್ನುತ್ತಾನೆ. ಮೊದಮೊದಲು ಗಿಡ್ಡವಾಗಿದ್ದ ಆ ‘ಹೂಂ’ ಬರಬರುತ್ತಾ ಸ್ವಲ್ಪ ಉದ್ದವಾಗಿತ್ತು. ನಿರ್ದೇಶಕರು ಹೇಳುತ್ತಿದ್ದ ಬೆಳವಣಿಗೆ ಬಹುಶಃ ಅದೇ ಇರಬೇಕು.

ಆದರೆ ಕೊನೆಯ ಕಂತಿನಲ್ಲಿ ಕ್ಯಾಚರ್ ಮುಸುಕು ತೆಗೆದು ಹುಡುಗಿಯ ಎದುರು ನಿಂತು ಬಾಯಿ ತುಂಬ ಮಾತಾಡುತ್ತಾನೆ. ಸಂಭಾಷಣೆ ಬರೆಯುವಾಕೆ ಬೇರೆ ಊರಲ್ಲಿದ್ದುಕೊಂಡೇ ಕೆಲಸ ಮಾಡುವವಳು. ಮೊದಲು ಬಂದ, ಇನ್ನೂ ಸದ್ದು ಸೇರಿಸದ ಕಚ್ಚಾ ಚಿತ್ರದಲ್ಲಿ ಆ ಹುಡುಗನ ತುಟಿ ಅಲ್ಲಾಡಿದ ಅಳತೆಗೆ ಸರಿಯಾಗಿ ಮಾತು ಕಟ್ಟಿ, ತನ್ನ ದನಿಯಲ್ಲೇ ಓದಿ, ಬೆಳಿಗ್ಗೆ ಹೂಂಕಾರಪ್ಪನ ಫೋನಿಗೆ ಕಳಿಸಿದ್ದಳು. ಮಧ್ಯಾಹ್ನವೇ ರೆಕಾರ್ಡಿಂಗು. ಇಷ್ಟು ವರ್ಷದಲ್ಲಿ ಮೊದಲ ಸಲ ಹೂಂಕಾರಪ್ಪನಿಗೆ ಇಡೀ ವಾಕ್ಯ ಸಿಕ್ಕಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಾರಸಿ ಹತ್ತಿದ. ಎದುರಿಗೆ ಯಾರಾದರೂ ಇದ್ದರೆ ಹೇಳುವುದು ಸುಲಭ ಅನ್ನಿಸಿ, ಬೆಡ್‌ಶೀಟನ್ನೇ ಹುಡುಗಿ ಅಂದುಕೊಂಡು ಶುರು ಮಾಡಿದ.

“ಯಾರು ಎಸೆದ್ರೂ ನಾನು ಹಿಡೀತೀನಿ. ನೀನು ಎದುರಿಗೆ ಬಂದ್ರೆ ಮಾತ್ರ ಕೈ ನಡುಗುತ್ತೆ. ಮನೇಲಿ ಯಾರಿಗೂ ಹೇಳ್ಬೇಡ. ಸಾಯಂಕಾಲ ಸ್ಟೇಷನ್ ಹತ್ರ ಕಾಯ್ತಿರ್ತೀನಿ. ಬರ್ತೀಯಾ?”

ಬೆಡ್‌ಶೀಟು ಮೆಲ್ಲಗೆ ಸರಿಯಿತು. ಹಿಂದೆ ಬಟ್ಟೆ ಕ್ಲಿಪ್ಪುಗಳ ಡಬ್ಬಿ ಹಿಡಿದು ಕೆಳಮನೆಯ ಮೇಡಮ್ ನಿಂತಿದ್ದರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಶಾಲೆ ಬಿಟ್ಟರೂ ವಿಚಾರಣೆ ಬಿಟ್ಟಿರಲಿಲ್ಲ. ಅವರು ಹೂಂಕಾರಪ್ಪನ ಮುಖ ನೋಡಿದರು, ಕಿವಿಯ ಇಯರ್‌ಫೋನ್ ನೋಡಿದರು, ಆ ಕಡೆ ಯಾರಿರಬಹುದು ಎಂದು ಲೆಕ್ಕ ಹಾಕಿದರು.

“ಯಾರಪ್ಪ ಅವಳು?”

“ಮೇಡಮ್, ಅದು... ಕ್ಯಾಚರು...”

“ಓಹೋ. ಹೆಸರೂ ಇಟ್ಟಾಗಿದೆ” ಎಂದು ಮೇಡಮ್ ಡಬ್ಬಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದರು. ಮಂಡಿನೋವು ಎಂದು ದಿನಾ ಕಂಬಿ ಹಿಡಿದು ಇಳಿಯುತ್ತಿದ್ದವರು ಅವತ್ತು ಹೂಂಕಾರಪ್ಪನಿಗಿಂತ ಮೊದಲೇ ಅವನ ಮನೆ ಸೇರಿದರು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಇಟ್ಟು “ಈಗ ಕಾಣುತ್ತಾ? ಈಗ?” ಎಂದು ಕೇಳಿ ಕೇಳಿ ಅವಳಿಗೆ ತಾಳ್ಮೆ ಜಾಸ್ತಿ. ಅವತ್ತು ಅವಳಿಗೆ ರಜೆ. ಮೇಡಮ್ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದಳು. ಜೊತೆಗೆ ಕೂತಿದ್ದ ಅವಳ ತಮ್ಮನೂ ಕೇಳಿದ. ಅವನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಲೋಕದಲ್ಲಿ ಎಲ್ಲರೂ ಟಿಕೆಟ್ ಇಲ್ಲದೆಯೇ ಓಡಾಡುತ್ತಿದ್ದಾರೆ ಎಂಬುದು ಅವನ ಗಟ್ಟಿ ನಂಬಿಕೆ.

“ಭಾವ, ಫೋನ್ ತೋರಿಸಿ” ಎಂದ.

“ಅಯ್ಯೋ, ಅದು ಡೈಲಾಗ್ ಕಣೋ! ಬರೆದು ಕಳಿಸಿದಾರೆ. ಬೇಕಿದ್ರೆ ಕೇಳಿಸ್ಕೊಳ್ಳಿ” ಎಂದು ಹೂಂಕಾರಪ್ಪ ತನ್ನ ಕೈಯಾರೆ ಫೋನು ಒತ್ತಿದ.

ಫೋನಿನೊಳಗಿಂದ ಒಂದು ಹೆಣ್ಣು ದನಿ ಜೇನಿನಂತೆ ಇಳಿಯಿತು. “...ಸಾಯಂಕಾಲ ಸ್ಟೇಷನ್ ಹತ್ರ ಕಾಯ್ತಿರ್ತೀನಿ. ಬರ್ತೀಯಾ?” ಅಲ್ಲಿಗೇ ನಿಂತಿದ್ದರೂ ಬದುಕಿಕೊಳ್ಳುತ್ತಿದ್ದ. ದನಿ ಮುಂದುವರಿಯಿತು. “ಈ ಸಲ ಸ್ವಲ್ಪ ಪ್ರೀತಿಯಿಂದ ಮಾಡಿ ಪ್ಲೀಸ್. ಹೋದ ಸಲದ ಥರ ಅರ್ಧಂಬರ್ಧ ಬೇಡ.”

ಮೇಡಮ್ ಕಣ್ಣು ಮುಚ್ಚಿಕೊಂಡರು. ಕಿವಿ ಮುಚ್ಚಿಕೊಳ್ಳಲಿಲ್ಲ.

ಹೆಂಡತಿ ಕೂಗಾಡಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ ಕೇಳಿದಳು. “ನಿಮಗೆ ಬೇರೆಯವಳಿದಾಳೋ ಇಲ್ವೋ, ಅದು ಆಮೇಲೆ. ಇಷ್ಟು ಮಾತು ನಿಮ್ಮ ಹೊಟ್ಟೇಲಿತ್ತಾ? ಮದುವೆಯಾದಾಗಿಂದ ಊಟ ಹೇಗಿದೆ ಅಂದ್ರೆ ಹೂಂ, ಜ್ವರ ಬಂದಿದೆ ಅಂದ್ರೆ ಹೂಂ. ನಿಮಗೆ ಮಾತೇ ಬರಲ್ಲ ಅಂತ ನಾನು ಸಮಾಧಾನ ಮಾಡ್ಕೊಂಡಿದ್ದೆ. ಬರುತ್ತೆ ಅಂತಾಯ್ತಲ್ಲ.”

“ಅದು ನನ್ನ ಮಾತಲ್ಲ ಕಣೇ. ಕ್ಯಾಚರ್‌ದು.”

“ಹಾಗಾದ್ರೆ ನಡೀರಿ ಸ್ಟುಡಿಯೋಗೆ. ಆ ಹುಡುಗ ಆ ಮಾತು ಆಡೋದನ್ನ ನನ್ನ ಕಣ್ಣಾರೆ ನೋಡ್ತೀನಿ. ಆಡಿದ್ರೆ ಸರಿ. ಇಲ್ಲ ಅಂದ್ರೆ ಇವತ್ತೇ ತಮ್ಮನ ಮನೆಗೆ ಹೋಗಿ ಇದ್ದುಬಿಡ್ತೀನಿ.”

ಅದನ್ನು ಕೇಳಿ ತಮ್ಮನ ಮುಖ ಭಾವನ ಮುಖಕ್ಕಿಂತ ಹೆಚ್ಚು ಬಿಳುಪೇರಿತು. ಅವನದು ಒಂದೇ ಕೋಣೆಯ ಮನೆ.

ನಾಲ್ವರೂ ಬಸ್ಸು ಹತ್ತಿದರು. ಮೇಡಮ್ಮನ್ನು ಯಾರೂ ಕರೆದಿರಲಿಲ್ಲ, ಆದರೆ ಸಾಕ್ಷಿ ಬೇಕಾಗುತ್ತದೆ ಎಂದು ಅವರೇ ತೀರ್ಮಾನಿಸಿದ್ದರು. ಹೆಂಡತಿ ಬೇಕೆಂದೇ ಹಿಂದಿನ ಸೀಟಿಗೆ ಹೋದಳು. ಹೂಂಕಾರಪ್ಪನಿಗೆ ಸಿಕ್ಕಿದ್ದು ಮೇಡಮ್ ಪಕ್ಕದ ಸೀಟು. ಎದುರಿಗೆ ಸರಳು ಹಿಡಿದು ಭಾವಮೈದುನ ನಿಂತ.

“ಭಾವ, ಡೈಲಾಗೇ ಆದ್ರೆ ಬಾಯಿಪಾಠ ಇರುತ್ತಲ್ಲ? ಇನ್ನೊಂದ್ಸಲ ಹೇಳಿ. ಸುಳ್ಳು ಹೇಳೋರು ಎರಡನೇ ಸಲಕ್ಕೆ ಸಿಕ್ಕಿಬೀಳ್ತಾರೆ, ನನ್ನ ಸರ್ವೀಸ್‌ನಲ್ಲಿ ಎಷ್ಟು ಜನರನ್ನ ನೋಡಿದೀನಿ.”

ಬಸ್ಸಿನ ಗದ್ದಲದಲ್ಲಿ ಕೇಳಿಸಲೆಂದು ಹೂಂಕಾರಪ್ಪ ದನಿಯೆತ್ತಿ, ಕಣ್ಣು ಮುಚ್ಚಿ, ಪೂರ್ತಿ ಹೇಳಿದ. “ಬರ್ತೀಯಾ?” ಅನ್ನುವುದನ್ನು ಇನ್ನೂ ಗಟ್ಟಿಯಾಗಿ ಅಂದ. ಕಣ್ಣು ಬಿಟ್ಟರೆ ಇಡೀ ಬಸ್ಸು ಮೇಡಮ್ಮನ್ನೇ ನೋಡುತ್ತಿತ್ತು.

ಮುಂದಿನ ಸೀಟಿನ ಅಜ್ಜಿ ತಿರುಗಿದರು. “ಹೂಂ ಅನ್ನಮ್ಮ. ಪಾಪ, ಈ ವಯಸ್ಸಲ್ಲಿ ಇಷ್ಟು ಆಸೆಯಿಂದ ಕೇಳ್ತಿದಾನೆ. ಮಕ್ಕಳು ಏನಂದಾರು ಅಂತ ಹೆದರಬೇಡ.”

“ನಾನು ಬರೀ ಸಾಕ್ಷಿ!” ಎಂದು ಮೇಡಮ್ ಕಿರುಚಿದರು. ಮದುವೆ ಮಾತು ಸಾಕ್ಷಿಯವರೆಗೂ ಬಂದಿದೆ ಎಂದುಕೊಂಡ ಅಜ್ಜಿ ಇಬ್ಬರಿಗೂ ಒಳ್ಳೆಯದಾಗಲಿ ಎಂದು ಹರಸಿ ತಮ್ಮ ನಿಲ್ದಾಣದಲ್ಲಿ ಇಳಿದುಹೋದರು. ಹಿಂದಿನ ಸೀಟಿನಲ್ಲಿ ಹೆಂಡತಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ತಿರುಗಿ ನೋಡುವ ಧೈರ್ಯ ಹೂಂಕಾರಪ್ಪನಿಗಿರಲಿಲ್ಲ.

ಸ್ಟುಡಿಯೋದಲ್ಲಿ ನಿರ್ದೇಶಕರು ಭಾರಿ ಹುಮ್ಮಸ್ಸಿನಲ್ಲಿದ್ದರು. “ಬನ್ನಿ ಬನ್ನಿ, ಸಂಸಾರ ಸಮೇತ ಬಂದ್ರಾ! ಪೂರ್ತಿ ಸಿದ್ಧವಾದ ಕಂತು ಈಗಷ್ಟೇ ಬಂತು. ಕೊನೇ ದೃಶ್ಯ ನೋಡಿ, ಕಣ್ಣಲ್ಲಿ ನೀರು ಬರುತ್ತೆ.”

ಅದೇನೋ ನಿಜವಾಯಿತು.

ಪರದೆಯ ಮೇಲೆ ಸಂಜೆ. ರೈಲ್ವೆ ಗೇಟಿನ ಪಕ್ಕ ಹುಡುಗಿ ನಿಂತಿದ್ದಾಳೆ. ಕ್ಯಾಚರ್ ಬಂದ, ಮುಸುಕು ತೆಗೆದ. ಹೂಂಕಾರಪ್ಪ ಹೆಂಡತಿಯ ಕಡೆ ತಿರುಗಿ “ಈಗ ನೋಡು, ಈಗ” ಎಂದ. ಹುಡುಗ ಉಸಿರೆಳೆದುಕೊಂಡು ಬಾಯಿ ತೆರೆದ. ಅದೇ ಗಳಿಗೆಗೆ ಧಡಧಡ ಎಂದು ರೈಲು ಬಂತು. ಹುಡುಗನ ತುಟಿ ಅಲ್ಲಾಡುತ್ತಲೇ ಇತ್ತು, ಕೇಳಿದ್ದು ಮಾತ್ರ ರೈಲಿನ ಸದ್ದು. ಬೋಗಿಯ ಮೇಲೆ ಬೋಗಿ ಹೋದವು. ಕೊನೆಯ ಬೋಗಿ ದಾಟಿದಾಗ ಹುಡುಗನ ಬಾಯಿ ಮುಚ್ಚಿತ್ತು.

ಹುಡುಗಿ ಕೂದಲು ಸರಿಮಾಡಿಕೊಂಡು ಕೇಳಿದಳು. “ಏನಂದೆ?”

ಹುಡುಗ ಮತ್ತೆ ಮುಸುಕು ಹಾಕಿಕೊಂಡ. “ಏನಿಲ್ಲ.”

“ಆಹಾ!” ಎಂದು ನಿರ್ದೇಶಕರು ಕುರ್ಚಿಯಿಂದೆದ್ದರು. “ಇಡೀ ಸರಣಿ ಕಾಯಿಸಿ ಕಡೆಗೆ ರೈಲು ಬಿಟ್ಟಿದಾರೆ ನೋಡಿ, ಅದು ಕಲೆ! ಇವತ್ತು ನಿಮ್ಮ ಡೈಲಾಗ್ ಇಷ್ಟೇ ಹೂಂಕಾರಪ್ಪನವರೇ. ‘ಏನಿಲ್ಲ.’”

“ಸಾರ್, ಆ ಇನ್ನೊಂದು... ಕೈ ನಡುಗುತ್ತೆ, ಸ್ಟೇಷನ್ ಹತ್ರ ಕಾಯ್ತೀನಿ... ಅದು ಇತ್ತಲ್ಲ ಸಾರ್?”

“ಕಾಯ್ತೀನಾ? ಅಯ್ಯೋ, ನಮ್ಮ ಸರಣೀಲಿ ಅಂಥದ್ದೆಲ್ಲ ಇಲ್ಲಪ್ಪ. ಇಲ್ಲಿ ಯಾರೂ ಬಾಯಿಬಿಟ್ಟು ಪ್ರೀತಿ ಹೇಳ್ಕೊಳಲ್ಲ. ಅದು ಅಗ್ಗ.”

ಭಾವಮೈದುನ ಟಿಕೆಟ್ ಇಲ್ಲದವನನ್ನು ಹಿಡಿದವನಂತೆ ತಲೆಯಾಡಿಸಿದ. ಮೇಡಮ್ “ನೋಡಿದ್ಯಾಮ್ಮ” ಎಂದಷ್ಟೇ ಹೇಳಿ ಹೆಂಡತಿಯ ಭುಜದ ಮೇಲೆ ಕೈಯಿಟ್ಟರು. ಹೆಂಡತಿ ರೆಕಾರ್ಡಿಂಗ್ ಕೋಣೆಯ ಗಾಜಿನ ಗೋಡೆಯ ಈಚೆ ಕುರ್ಚಿ ಎಳೆದುಕೊಂಡು ಕೂತಳು. ಬೈದಿದ್ದರೆ ಹೂಂಕಾರಪ್ಪನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅವನನ್ನು ರೆಕಾರ್ಡಿಂಗ್ ಕೋಣೆಯೊಳಕ್ಕೆ ಕಳಿಸಿ ದಪ್ಪ ಬಾಗಿಲು ಮುಚ್ಚಿದರು. ಒಳಗೆ ಮಂದ ಬೆಳಕು, ಎದುರಿಗೆ ಮೈಕು, ಗಾಜಿನಾಚೆ ಹೆಂಡತಿಯ ಮುಖ. ಹೂಂಕಾರಪ್ಪ ಆ ಮುಖ ನೋಡಿದ. ಇವಳು ಇವತ್ತು ಹೋದರೆ ಮತ್ತೆ ಬರುವುದಿಲ್ಲ ಅನ್ನಿಸಿತು. ನಾಲ್ಕು ಜನರೆದುರು ಅವನಿಗೆ ಸ್ವಂತ ಮಾತು ಬರುತ್ತಿರಲಿಲ್ಲ ನಿಜ. ಆದರೆ ಮೈಕಿನ ಮುಂದೆ ಒಬ್ಬನೇ ನಿಂತಾಗ ಅವನು ಯಾರಿಗೂ ಹೆದರಿದವನಲ್ಲ.

“ಕೇಳು” ಎಂದ. “ನನಗೆ ಯಾವಳೂ ಇಲ್ಲ. ಇರೋಳು ನೀನೊಬ್ಬಳೇ. ನೀನು ಅಂಗಡಿಯಿಂದ ಬರೋದು ಒಂಚೂರು ತಡ ಆದ್ರೆ ಬಾಲ್ಕನೀಲಿ ನಿಂತಿರ್ತೀನಿ. ಮೆಟ್ಟಿಲ ಮೇಲೆ ನಿನ್ನ ಚಪ್ಪಲಿ ಸದ್ದು ಕೇಳಿದ ತಕ್ಷಣ ಒಳಗೆ ಓಡಿಬಂದು ಪೇಪರ್ ಹಿಡ್ಕೊಂಡು ಕೂತ್ಕೋತೀನಿ. ಎಷ್ಟೋ ಸಲ ತಲೆಕೆಳಗಾಗಿ ಹಿಡಿದಿರ್ತೀನಿ, ನೀನು ನೋಡಿಲ್ಲ. ತಡ ಆಯ್ತು ಕಣ್ರೀ ಅಂತೀಯ. ನಾನು ಹೂಂ ಅಂತೀನಿ. ಬಂದ್ಯಲ್ಲ, ಸದ್ಯ, ಅನ್ನೋದನ್ನ ನಾನು ಹಾಗೇ ಅನ್ನೋದು. ನನಗೆ ಬೇರೆ ಥರ ಬರಲ್ಲ. ಹೋಗ್ಬೇಡ ಕಣೇ.”

ಹೇಳುತ್ತಾ ಹೇಳುತ್ತಾ ದನಿ ಒಡೆಯಿತು. ಇಡೀ ಸರಣಿಯಲ್ಲಿ ಆ ಕ್ಯಾಚರ್ ಕಾಣದ ಬೆಳವಣಿಗೆಯನ್ನು ಹೂಂಕಾರಪ್ಪ ನಿಂತ ನಿಲುವಿನಲ್ಲೇ ಕಂಡುಬಿಟ್ಟ. ಗಾಜಿನಾಚೆ ಹೆಂಡತಿ ಕುರ್ಚಿಯಿಂದ ಮೆಲ್ಲಗೆ ಮುಂದಕ್ಕೆ ಬಾಗಿದ್ದಳು. ಅವಳ ಕಣ್ಣು ಹೊಳೆಯುತ್ತಿತ್ತು. ಗೆದ್ದೆ ಎಂದುಕೊಂಡು ಅವನು ಹಣೆಯ ಬೆವರೊರೆಸಿ ಬಾಗಿಲು ತಳ್ಳಿಕೊಂಡು ಹೊರಗೆ ಬಂದ.

ಹೊರಗೆ ರೆಕಾರ್ಡಿಂಗ್ ಮಾಡುವವನು ಭಾವಮೈದುನನ ಮೇಲೆ ರೇಗುತ್ತಿದ್ದ. “ಯಾವ ಸ್ವಿಚ್ ಒತ್ತಿದ್ರಿ ಸ್ವಾಮಿ? ಒಳಗಿನ ದನಿಯೆಲ್ಲ ಕಟ್ ಆಗಿದೆ! ನಮಗೆ ಒಂದಕ್ಷರ ಕೇಳಿಸಿಲ್ಲ, ರೆಕಾರ್ಡೂ ಆಗಿಲ್ಲ.”

“ಏನಿದು ಅಂತ ಒತ್ತಿ ನೋಡಿದೆ ಅಷ್ಟೇ. ಮೇಲೆ ಏನೂ ಬರೆದಿರಲಿಲ್ಲ” ಎಂದ ಭಾವಮೈದುನ.

ಹೂಂಕಾರಪ್ಪ ಭಾವಮೈದುನನನ್ನು ನೋಡಿದ, ಸ್ವಿಚ್ಚನ್ನು ನೋಡಿದ.

ಹೆಂಡತಿ ಎದ್ದು ಹತ್ತಿರ ಬಂದಳು. ಎಷ್ಟೋ ವರ್ಷದಿಂದ ಅವಳು ಅಷ್ಟು ಮೆತ್ತಗೆ ಮಾತಾಡಿರಲಿಲ್ಲ. “ಒಳಗೆ ಅಷ್ಟು ಹೊತ್ತು ಮಾತಾಡ್ತಿದ್ರಲ್ಲ. ಏನಂದ್ರಿ?”

ಮೇಡಮ್ ಕತ್ತು ಮುಂದಕ್ಕೆ ಚಾಚಿದರು. ಭಾವಮೈದುನ ಕಣ್ಣು ಕಿರಿದು ಮಾಡಿದ. ನಿರ್ದೇಶಕರು, ರೆಕಾರ್ಡಿಂಗ್‌ನವನು, ಕಾಫಿ ತಂದವನು ಎಲ್ಲರೂ ಅವನ ಬಾಯನ್ನೇ ನೋಡುತ್ತಾ ನಿಂತರು. ಮೈಕಿರಲಿಲ್ಲ, ಕತ್ತಲಿರಲಿಲ್ಲ. ಹೂಂಕಾರಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

“ಏನಿಲ್ಲ” ಎಂದ.

“ಅದ್ಭುತ!” ಎಂದು ನಿರ್ದೇಶಕರು ಚಪ್ಪಾಳೆ ತಟ್ಟಿದರು. “ಇದೇ ಬೇಕಾಗಿದ್ದಿದ್ದು! ಎಂಥ ನೋವು, ಎಂಥ ಸಹಜತೆ! ಒಳಗೆ ಹೋಗಿ ಹೀಗೇ ಇನ್ನೊಂದ್ಸಲ ಹೇಳಿಬಿಡಿ.”

ಹೆಂಡತಿ ಗಂಡನನ್ನು ಇನ್ನೂ ಒಂದು ಗಳಿಗೆ ನೋಡಿದಳು. “ಆ ಮಾತೆಲ್ಲ ನನಗೇ ಹೇಳ್ತಿದೀರೇನೋ ಅಂತ ಅನ್ನಿಸ್ತು ನೋಡಿ” ಎಂದಳು. “ಹುಚ್ಚು ನನಗೆ.” ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ನಡೆದಳು. ಮೇಡಮ್ ಅವಳ ಹಿಂದೆ, ಇದ್ದ ಒಂದು ಕೋಣೆಯಲ್ಲಿ ಅಕ್ಕನ ಮಂಚ ಎಲ್ಲಿ ಹಾಕುವುದೆಂದು ಯೋಚಿಸುತ್ತಾ ಭಾವಮೈದುನ ಮೇಡಮ್ ಹಿಂದೆ.

ಹೂಂಕಾರಪ್ಪನನ್ನು ಮತ್ತೆ ಒಳಗೆ ಕಳಿಸಿ ಬಾಗಿಲು ಮುಚ್ಚಿದರು. ಅವನು ಹೆಂಡತಿಯ ಹೆಸರು ಹಿಡಿದು ಕೂಗಿದ, ಗಾಜು ಬಡಿದ, ನಿಲ್ಲೇ ಎಂದ. ಅವಳು ಹೊರಗಿನ ಬಾಗಿಲು ದಾಟಿ ಆಗಲೇ ಮೆಟ್ಟಿಲು ಇಳಿದಾಗಿತ್ತು. ಸ್ವಿಚ್ಚು ಈ ಸಲ ಸರಿಯಾಗಿತ್ತು. ನಿರ್ದೇಶಕರು ಹೆಡ್‌ಫೋನಿನಲ್ಲಿ ಅದನ್ನೆಲ್ಲ ಸ್ಪಷ್ಟವಾಗಿ ಕೇಳಿಸಿಕೊಂಡು, ಬೇಸರದಿಂದ ತಲೆಯಾಡಿಸಿ, ಇಷ್ಟೊಂದು ಭಾವನೆ ಬೇಡ, ಬರೀ ‘ಏನಿಲ್ಲ’ ಸಾಕು ಎಂದು ಕೈಸನ್ನೆ ಮಾಡಿದರು.