ಗೌನಿನ ಬಾಲ

ಎಲ್ಲಕ್ಕೂ ಕಾರಣ ಆ ಗೌನಿನ ಬಾಲ. ಗೌನನ್ನು ಹೇಗೋ ಬೀರುವಿನಲ್ಲಿ ತುರುಕಬಹುದಿತ್ತು. ಮದುವೆ ದಿಬ್ಬಣದಂತೆ ಹಿಂದೆ ಬರುವ ಬಾಲವನ್ನು ಅಡಗಿಸುವುದೆಲ್ಲಿ? ಐಶ್ವರ್ಯಾ ಬಾಗಿಲು ಒತ್ತಿ ಹಾಕಿದರೂ ಕೆಳಗಿನಿಂದ ಒಂದು ಮೊಳ ಗುಲಾಬಿ ರೇಷ್ಮೆ ನಾಲಿಗೆ ಚಾಚಿತ್ತು.

"ಇದೇನವಾ?" ಎಂದರು ಅತ್ತೆ ಹಾಲವ್ವ.

"ಕರ್ಟನ್ ರೀ ಅತ್ತಿ."

ಹಾಲವ್ವ ಬೀರುವಿನ ಬಾಗಿಲು ಎಳೆದರು. "ಕರ್ಟನ್ನಿಗೆ ತೋಳು ಯಾಕವಾ?"

ಹಾಲವ್ವ ದೇಸಾಯರ ವಾಡೆಯ ಹಿರಿಯರು. ಗಲ್ಫಿನ ಅಲ್ ಸದ್ದ್ ಬಡಾವಣೆಯಲ್ಲಿದ್ದ ಮಗನ ಫ್ಲಾಟಿಗೆ ಬಂದ ದಿನವೇ, "ನಮ್ಮ ವಾಡೇದ ಹೆಣ್ಮಕ್ಕಳು ಸ್ಟೇಜ್ ಹತ್ತಂಗಿಲ್ಲ" ಎಂದಿದ್ದರು. ಇತ್ತ ಕನ್ನಡ ಬಳಗದ ನಾಟಕದಲ್ಲಿ ಅಂದು ಸಂಜೆ ಐಶ್ವರ್ಯಾಳೇ ನಾಯಕಿ. ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಹಾಡಿ ಕುಣಿದು, ಲಾರ್ಡನೊಬ್ಬನ ಕೈಹಿಡಿದು ಅರಮನೆ ಸೇರಿದ ನಟಿಯ ಪಾತ್ರ. ಮದುವೆಯಾದ ಮೇಲೆ ಸಿಕ್ಕ ಮೊದಲ ಪಾತ್ರ. ಬಿಡಲು ಜೀವ ಒಪ್ಪದು.

ಅಷ್ಟರಲ್ಲಿ ಎದುರು ಫ್ಲಾಟಿನ ಲೀನಾ ಬಂದಳು. ಹಿಂದೆ ಗಂಡ ಗ್ಯಾವಿನ್, ಮೂಗಿನ ಕೆಳಗೆ ಲಾರ್ಡನ ಮೀಸೆ. ಅವನು ಅತ್ತಿತ್ತ ನೋಡದೆ ಐಶ್ವರ್ಯಾಳ ಮುಂದೆ ಮೊಣಕಾಲೂರಿದ. "ಪ್ರಿಯೆ, ನನ್ನ ಅರಮನೆಗೆ ಬಾ!"

"ಇಂವ ಕರ್ಟನ್ ಹಾಕಾಕ ಬಂದಾನೇನು?" ಎಂದರು ಹಾಲವ್ವ.

"ಅಯ್ಯೋ ಆಂಟಿ, ನಾಟಕ ಅಲ್ವಾ! ನಿಮಗೆ ಗೊತ್ತಿಲ್ವಾ ಮಾರಾಯ್ರೆ?" ಲೀನಾ ಎಲ್ಲವನ್ನೂ ಒದರಿದಳು. ಗುಟ್ಟು ಖಲಾಸ್.

"ಇದೊಂದs ಸಲ ರೀ ಅತ್ತಿ..." ಐಶ್ವರ್ಯಾಳ ಕಣ್ಣು ತುಂಬಿತು.

ಹಾಲವ್ವ ಬಾಲವನ್ನೇ ದಿಟ್ಟಿಸಿದರು. "ನಡಿ. ನಾನೂ ಬರ್ತೇನಿ. ಕಾವಲಿಗೆ."

ನಾಟಕದಲ್ಲಿ ಲಾರ್ಡನ ತಾಯಿಯಾದ ಲೀನಾ ಅಬ್ಬರಿಸಿದಳು: "ನಾಟಕದವಳು ನಮ್ಮ ಹೊಸ್ತಿಲು ದಾಟಬಾರದು!" ಈಗ ನಾಯಕಿ ಹಾಡಬೇಕು. ಮುಂದಿನ ಸಾಲಿನಲ್ಲಿ ಅತ್ತೆಯ ಮುಖ ಕಂಡದ್ದೇ, ಐಶ್ವರ್ಯಾಳ ಗಂಟಲು ಜುಲೈ ತಿಂಗಳ ಹಳೇ ಎಸಿಯಂತೆ ಗರ್ ಎಂದು ನಿಂತುಹೋಯಿತು. ಹಾರ್ಮೋನಿಯಂ ನುಡಿಸಿದ್ದನ್ನೇ ನುಡಿಸಿತು.

ಹಾಲವ್ವ ಎದ್ದರು. ಎಳೆದೊಯ್ಯಲು ಬಂದರೆಂದು ಐಶ್ವರ್ಯಾ ಒಂದು ಹೆಜ್ಜೆ ಹಿಂದೆ ಸರಿದಳು. ಅವರೋ ಚಪ್ಪಲಿ ಬಿಟ್ಟು, ವೇದಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. "ಸ್ವರ ಏರಸೋ ತಮ್ಮಾ" ಎಂದು ಹಾರ್ಮೋನಿಯಂನವನಿಗೆ ಹೇಳಿ ದನಿ ಎತ್ತಿದರು. ಮೈಕಿಗೇ ಕೆಲಸವಿಲ್ಲದಾಯಿತು.

"ಒನ್ಸ್ ಮೋರ್!" ಎಂದರು ಜನ. ಹಾಲವ್ವ ಮತ್ತೆ ಹಾಡಿದರು. ಜನ ಮತ್ತೆ ಕೂಗಿದರು. ಸಭಾಂಗಣದ ಕಾವಲುಗಾರ "ಯಲ್ಲಾ, ಯಲ್ಲಾ" ಎಂದು ಹೊರಡಲು ಅವಸರಿಸಿ ದೀಪ ಆರಿಸುವ ತನಕ ಇದೇ ಕತೆ. ಲಾರ್ಡನ ಮದುವೆ ಆಗಲೇ ಇಲ್ಲ; ಅಷ್ಟು ಹೊತ್ತೂ ಮೊಣಕಾಲೂರಿದ್ದ ಗ್ಯಾವಿನ್ ಮೊಣಕಾಲು ತಿಕ್ಕುತ್ತ ಎದ್ದ.

ಕಾರಿನಲ್ಲಿ ಐಶ್ವರ್ಯಾ ಅತ್ತೆಯ ಕೈ ಹಿಡಿದಳು. "ನನ್ನ ಮಾನ ಉಳಿಸಿದ್ರಿ ಅತ್ತಿ. ಆದ್ರ ಹಾಡು ಹೆಂಗ ಬಂತು?"

"ತಿಂಗಳಿಂದ ನಳಾ ಬಿಟ್ಟು ಬಚ್ಚಲದಾಗ ಹಾಡ್ತಿ. ನಾ ಕಿವುಡಿ ಏನು?" ಹಾಲವ್ವ ನಕ್ಕರು. "ದೇಸಾಯರು ನನ್ನ ನಾಟಕ ಕಂಪನಿಯಿಂದನs ಲಗ್ನ ಆಗಿ ತಂದ್ರವಾ. ಸ್ಟೇಜ್ ಹತ್ತಂಗಿಲ್ಲ ಅಂತ ನಮ್ಮತ್ತಿ ಹೊಸ್ತಿಲದಾಗ ಆಣಿ ಹಾಕ್ಸಿದ್ರು. ಇವತ್ತ ನಿನ್ನ ನೆಪದಾಗ ಹತ್ತಿದೆ. ನಿನ್ನ ಉಪಕಾರ ಮರೆಯಂಗಿಲ್ಲ, ನನ್ನವ್ವಾ."

ಐಶ್ವರ್ಯಾಳ ಎದೆ ತುಂಬಿ ಬಂತು. ಇನ್ನು ಯಾರ ಹೆದರಿಕೆ? ಮುಂದಿನ ನಾಟಕದಲ್ಲಿ ಹಾಡಿಯೇ ಹಾಡುತ್ತೇನೆ!

ಮುಂದಿನ ಸೀಟಿನಿಂದ ಲೀನಾ ಮೊಬೈಲ್ ನೋಡಿ ಕಿರುಚಿದಳು. "ಐಶೂ, ಪುನಃ ಶೋ ಉಂಟಂತೆ! ಹೀರೋಯಿನ್ ಆಂಟಿಯೇ ಆಗ್ಬೇಕಂತೆ!"

"ನಾನು?"

"ನಿಂಗೂ ಪಾರ್ಟ್ ಉಂಟು ಮಾರಾಯ್ತಿ. ಗೌನಿನ ಬಾಲ ಹಿಡೀಲಿಕ್ಕೆ ಒಬ್ಳು ಬೇಕಲ್ಲ!"

ಹಾಲವ್ವ ಆಗಲೇ ಸೊಸೆಯ ಗೌನಿನ ತೋಳನ್ನು ಗೇಣಿನಿಂದ ಅಳೆಯುತ್ತಿದ್ದರು. "ನನಗ ಬಿಗಿ ಆಗ್ತದ. ನಾಳೆ ಈ ಕರ್ಟನ್ ಬಿಚ್ಚಿ ಹೊಲದುಬಿಡು ನೋಡವಾ."