ಹೊಟ್ಟೆಯ ಹುಣ್ಣು, ಬೀಗರೂಟದ ಉಪ್ಪು

ಹೊಳೆನರಸೀಪುರದ ನಮ್ಮ ನೆಂಟರಲ್ಲಿ ಯಾರ ಮನೆಯ ಬೀಗರೂಟವಾದರೂ ಮಾಂಸದ ಸಾರಿನ ಉಪ್ಪು-ಖಾರ ನೋಡುವವನು ನಾನೇ. ಅಡುಗೆಯ ಚಿಕ್ಕಣ್ಣ ಸೌಟಿನಿಂದ ಒಂದು ತೊಟ್ಟು ನನ್ನ ಅಂಗೈಗೆ ಬಿಡಬೇಕು, ನಾನು ನೆಕ್ಕಿ, ಕಣ್ಣು ಮುಚ್ಚಿ, "ಹೂಂ, ಇಳ್ಸು" ಅನ್ನಬೇಕು. ಆಮೇಲೇ ಎಲೆ ಹಾಕುವುದು. ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿ ನಿವೃತ್ತನಾದ ಮೇಲೂ ನನ್ನ ಕೈಯಲ್ಲಿ ಉಳಿದಿದ್ದ ಹುದ್ದೆ ಅದೊಂದೇ. ಅಂಥಾದ್ದರಲ್ಲಿ ಮಗಳ ಮದುವೆ ಹತ್ತಿರ ಬಂದಾಗಲೇ ನನಗೆ ಹೊಟ್ಟೆಯಲ್ಲಿ ಹುಣ್ಣಾಯಿತು!

ಹಾಸನದ ಡಾಕ್ಟರು ಗಂಟಲಿನಿಂದ ಪೈಪು ಇಳಿಸಿ ನೋಡಿ, ಹುಣ್ಣು ಖಚಿತ ಎಂದರು. ಅದಕ್ಕೆ ಕಾರಣವಾದ ಕ್ರಿಮಿಯನ್ನು ಕೊಲ್ಲಲು ಎರಡು ಬಗೆಯ ಮಾತ್ರೆ, ಆಮ್ಲ ತಗ್ಗಿಸಲು ಊಟಕ್ಕೆ ಮುಂಚೆ ಇನ್ನೊಂದು.

"ನೋವಿನ ಮಾತ್ರೆ ಏನಾದರೂ ತಗೋತೀರಾ?"

"ಇಲ್ಲ ಸಾ!" ಎಂದೆ ಹೆಮ್ಮೆಯಿಂದ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದು ದಿನಾ ನುಂಗುತ್ತಿದ್ದುದನ್ನು ನಾನು ಮಾತ್ರೆ ಎಂದು ಪರಿಗಣಿಸಿರಲೇ ಇಲ್ಲ. ಅದು ನನ್ನ ಲೆಕ್ಕದಲ್ಲಿ ಪೆಪ್ಪರಮೆಂಟು.

"ಬೀಡಿ ಬಿಡಬೇಕು. ಮಾತ್ರೆ ಪೂರ್ತಿ ಮುಗಿಸಬೇಕು. ಖಾರ ತಿಂದಾಗ ಉರಿ ಹೆಚ್ಚಾದರೆ ಸ್ವಲ್ಪ ಕಡಿಮೆ ಮಾಡಿ" ಎಂದರು.

ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಉಳಿದಿದ್ದದ್ದು ಖಾರ ಒಂದೇ. ಕೇಳಿದ್ದೇ ತಡ, ನನ್ನಾಕೆ ಜಯಮ್ಮ ತೀರ್ಪು ಕೊಟ್ಟಳು. "ನಾನು ಬಡ್ಕಂತಿರ್ಲಿಲ್ವಾ, ಊರೋರ್ ಮನೆ ಖಾರ ಎಲ್ಲಾ ನೆಕ್ಕಿ ನೆಕ್ಕಿ ಹಿಂಗಾಯ್ತು ಅಂತ! ಇನ್ಮೇಲೆ ಒಂದು ತೊಟ್ಟೂ ಬಾಯಿಗ್ ಹಾಕಂಗಿಲ್ಲ!"

ನಾನೂ ಋಷಿಯಂತೆ ಒಪ್ಪಿದೆ. ಮೂರು ಹೊತ್ತೂ ಮಜ್ಜಿಗೆ ಅನ್ನ. ಡಾಕ್ಟರ ಮಾತ್ರೆಗಳನ್ನು ಒಂದೂ ತಪ್ಪಿಸಲಿಲ್ಲ. ಮಜ್ಜಿಗೆ ಅನ್ನ ಉಂಡ ಬೇಜಾರಿಗೆ ಹಿತ್ತಲಿನಲ್ಲಿ ಒಂದು ಬೀಡಿ, ಮಂಡಿಗೆ ಆ ಪೆಪ್ಪರಮೆಂಟು. ಇಷ್ಟು ಕಟ್ಟುನಿಟ್ಟಾಗಿದ್ದರೂ ಹೊಟ್ಟೆನೋವು ಏಕೆ ಹೋಗುತ್ತಿಲ್ಲ ಎಂಬುದು ನನಗೆ ಬಗೆಹರಿಯದ ಲೆಕ್ಕವಾಗಿತ್ತು.

ಬೀಗರೂಟದ ದಿನ ಬಂತು. ಚನ್ನರಾಯಪಟ್ಟಣದ ಬೀಗರು ಎರಡು ಬಸ್ಸು ತುಂಬಾ ಬಂದಿಳಿದರು. ಅಡುಗೆಮನೆಯಿಂದ ಕರೆ ಬಂತು. ಚಿಕ್ಕಣ್ಣ ಸೌಟು ಹಿಡಿದು ನಿಂತಿದ್ದ. ನನ್ನ ಸ್ವಂತ ಮಗಳ ಬೀಗರೂಟದಲ್ಲಿ ಉಪ್ಪು ನೋಡುವ ಅಧಿಕಾರವನ್ನು ಬೇರೆಯವರಿಗೆ ಬಿಟ್ಟುಕೊಡಲೇ? ಪ್ರಾಣ ಹೋದರೂ ಇಲ್ಲ! ಆದರೆ ನೆಕ್ಕಿದರೆ ಪ್ರಾಣವೇ ಹೋಗುತ್ತದೆ ಎಂದು ಜಯಮ್ಮ ಹೇಳಿದ್ದಾಳೆ. ನಾನೊಂದು ಉಪಾಯ ಹೂಡಿದೆ.

"ನೆಕ್ಕೋದೇನು ಬಂತಯ್ಯಾ? ಇಷ್ಟು ವರ್ಷದ ಅನುಭವ. ವಾಸನೆಯಲ್ಲೇ ಗೊತ್ತಾಗುತ್ತೆ."

ಕೊಪ್ಪರಿಗೆಯ ಹಬೆಗೆ ಮೂಗೊಡ್ಡಿ ಗಂಭೀರವಾಗಿ ಉಸಿರೆಳೆದೆ. ಏನೂ ಗೊತ್ತಾಗಲಿಲ್ಲ. "ಉಪ್ಪು ಒಂಚೂರು ಕಮ್ಮಿ" ಎಂದೆ.

"ಸರ್ಯಾಗೇ ಆಕಿದ್ನಲ್ಲ ಸಾ?"

"ನೀನು ಮೇಷ್ಟ್ರೋ, ನಾನು ಮೇಷ್ಟ್ರೋ?"

ಚಿಕ್ಕಣ್ಣ ಬೊಗಸೆ ತುಂಬಾ ಹಾಕಿದ. ಮತ್ತೆ ಮೂಸಿದೆ. ಮೊದಲ ಸಲ ಹೇಳಿದ ಮಾತಿಗೆ ತೂಕ ಇರಲಿ ಎಂದು "ಇನ್ನೊಂಚೂರು" ಎಂದೆ. ಇನ್ನೊಂದು ಬೊಗಸೆ ಬಿತ್ತು!

ಮೊದಲ ಪಂಕ್ತಿಯ ನಡುಮಧ್ಯದಲ್ಲಿ ದೊಡ್ಡ ಬೀಗರು ಕೂತಿದ್ದರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಅವರ ಹುಬ್ಬು ಮೇಲಕ್ಕೆ ಹೋದದ್ದು ಇಳಿಯಲೇ ಇಲ್ಲ. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಒಂದೇ ಕೂಗು, "ನೀರು! ನೀರು!"

ಬೀಗರು ಎರಡು ಲೋಟ ನೀರು ಕುಡಿದು, ಕೈಮುಗಿದು ಹೇಳಿದರು. "ಬೀಗ್ರೆ, ನಿಮ್ಮ ಉಪ್ಪಿನ ಋಣ ಏಳು ಜನ್ಮಕ್ಕೂ ತೀರಾಕಿಲ್ಲ ಬುಡಿ!"

ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಿಂತೆಗೆ ಛತ್ರದ ಹಿಂದೆ ಹೋಗಿ ಬೀಡಿಯ ಮೇಲೆ ಬೀಡಿ ಸೇದಿದೆ. ನಿಂತೂ ನಿಂತೂ ನೊಂದ ಮಂಡಿಗೆ ಎರಡು ಪೆಪ್ಪರಮೆಂಟು ನುಂಗಿದೆ. ಸಂಜೆಯ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಹಾಸನದ ದಾರಿ ಹಿಡಿಯಬೇಕಾಯಿತು.

ಈ ಸಲ ಜಯಮ್ಮನೂ ಜೊತೆಗೆ ಬಂದಳು. "ಡಾಕ್ಟ್ರೇ, ಖಾರ ಮುಟ್ಸಿಲ್ಲ ಕಣ್ರೀ. ಆದ್ರೂ ವಾಸಿ ಆಗ್ನಿಲ್ಲ. ಮಂಡಿ ಮಾತ್ರೆನೂ ದಿನಾ ತಪ್ಪಿಸ್ದೆ ಕೊಡ್ತಿವ್ನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾವ ಮಂಡಿ ಮಾತ್ರೆ?"

ಜಯಮ್ಮ ಚೀಲದಿಂದ ತೆಗೆದುಕೊಟ್ಟ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ ಹೇಳಿದರು. "ಆ ಕ್ರಿಮಿ ಬಿಟ್ರೆ ಹುಣ್ಣು ಮಾಡೋದೇ ಇಂಥ ನೋವಿನ ಮಾತ್ರೆ ಕಣ್ರೀ ಮೇಷ್ಟ್ರೇ! ಬೀಡಿ ಅದನ್ನ ಮಾಯೋಕೆ ಬಿಡಲ್ಲ. ಖಾರದಿಂದ ಹುಣ್ಣಾಗಲ್ಲ. ಅಭ್ಯಾಸ ಇದ್ದೋರು ಹಿತವಾಗಿ ತಿನ್ನಬಹುದು."

"ಹಾಗಾದರೆ ಅಂಗೈ ಮೇಲೆ ಒಂದು ತೊಟ್ಟು ಸಾರು..."

"ಧಾರಾಳವಾಗಿ ನೆಕ್ಕಬಹುದಿತ್ತು!"

ಅಂತೂ ಬಿಡಬೇಕಾದದ್ದನ್ನು ಸಾಕಿಕೊಂಡು, ಇಟ್ಟುಕೊಳ್ಳಬಹುದಾದದ್ದನ್ನು ಬಿಟ್ಟಿದ್ದೆ. ಅಂದಿನಿಂದ ಬೀಡಿ ಬಿಟ್ಟೆ. ಮಂಡಿಗೆ ಡಾಕ್ಟರು ಹೇಳಿದ ವ್ಯಾಯಾಮ. ಆಮ್ಲದ ಮಾತ್ರೆಯನ್ನು ಅವರು ಸಾಕು ಅನ್ನುವವರೆಗೂ ನುಂಗಿದೆ. ಹುಣ್ಣು ಮಾಯಿತು, ಕ್ರಿಮಿಯೂ ಇಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾಯಿತು.

ಮೊನ್ನೆ ನನ್ನ ತಮ್ಮನ ಮಗನ ಬೀಗರೂಟಕ್ಕೆ ಚಿಕ್ಕಣ್ಣನ ಫೋನು ಬಂತು. ನಾನು ಗಂಟಲು ಸರಿಮಾಡಿಕೊಂಡು, "ಹೊಟ್ಟೆ ಪೂರ್ತಿ ವಾಸಿಯಾಗಿದೆ ಕಣಯ್ಯಾ, ಬರ್ತೀನಿ" ಎಂದೆ.

"ಬನ್ನಿ ಸಾ, ಬ್ಯಾಡ ಅನ್ನಾಕಿಲ್ಲ" ಎಂದ ಚಿಕ್ಕಣ್ಣ. "ಅಮ್ಮಾವ್ರನ್ನ ಮಾತ್ರ ಮರೀದೆ ಕರ್ಕಂಡ್ ಬನ್ನಿ. ಉಪ್ಪು ನೋಡಾಕೆ!"